ತಣಿಯುವ ಮೊದಲೇ ಅಳೆದದ್ದು

ಬೀರುವಿನ ಕೀಲಿಯನ್ನು ಕೊಟ್ಟವನು ನಾನೇ. ಇದನ್ನು ಮೊದಲ ಸಾಲಿನಲ್ಲಿಯೇ ಬರೆದಿಡುತ್ತೇನೆ. ಇಲ್ಲವಾದರೆ ಬೇರೆಯವರು ಹೇಳುತ್ತಾರೆ, ಹೇಳಿಯೂ ಇದ್ದಾರೆ. ಶುಭ ಶುಕ್ರವಾರದ ಹಿಂದಿನ ಸಂಜೆ, ಐದೂವರೆ ಗಂಟೆಗೆ, ಪೀಣ್ಯದ ನಮ್ಮ ಕಾರ್ಖಾನೆಯ ತಪಾಸಣಾ ಕೊಠಡಿಯ ಬಾಗಿಲಲ್ಲಿ ನಿಂತು, ಗ್ರೈಂಡಿಂಗ್ ವಿಭಾಗದ ಸೂಪರ್‌ವೈಸರ್ ಚಾಚಿದ ಕೈಗೆ ಅದನ್ನು ಹಾಕಿದೆ. ರಜೆಯ ಮೇಲೆ ಹೋಗುವ ತಪಾಸಕನು ಕೀಲಿಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಮಾಲೀಕರ ಕಚೇರಿಗೆ ಒಪ್ಪಿಸಬೇಕೆಂಬುದು ನಿಯಮ. ಹನ್ನೊಂದು ವರ್ಷ ಹಾಗೆಯೇ ಒಪ್ಪಿಸಿದ್ದೆ. ಆ ಸಂಜೆ ಒಪ್ಪಿಸಲಿಲ್ಲ. ಏಕೆಂದರೆ ಕೇಳಿದವನು ನಮ್ಮ ಚರ್ಚಿನ ಸಭೆಯವನು.

"ಬ್ರದರ್, ನಾಳೆ ನೀವು ಇರಲ್ವಲ್ಲ. ಯಾರಿಗಾದ್ರೂ ಮೈಕ್ರೋಮೀಟರ್ ಬೇಕಾದ್ರೆ ಆಫೀಸ್ ತನಕ ಯಾರು ಓಡಾಡ್ತಾರೆ? ಕೊಟ್ಟಿರಿ, ನಾನು ನೋಡ್ಕೋತೀನಿ," ಎಂದ. "ಬೆಳಗ್ಗೆ ಲೈನ್ ಶುರು ಮಾಡಿಸಿ ಹನ್ನೆರಡಕ್ಕೆ ನಾನೂ ಆರಾಧನೆಗೆ ಬಂದ್ಬಿಡ್ತೀನಿ. ಪಕ್ಕದಲ್ಲಿ ಜಾಗ ಇಟ್ಟಿರಿ."

ಅವನಿಗೆ ಮೈಕ್ರೋಮೀಟರ್ ಹಿಡಿದು ಉಕ್ಕಿನ ದಪ್ಪ ಅಳೆಯಲು ಕಲಿಸಿದವನು ನಾನು. ಕೆಲಸಕ್ಕೆ ಶಿಫಾರಸು ಮಾಡಿದವನೂ ನಾನೇ. ಒಂಬತ್ತು ವರ್ಷ ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಮುನ್ನ ನಾವಿಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದೇವೆ. ಅಂಥವನ ಮುಂದೆ ಲಕೋಟೆ ತೆಗೆಯುವುದು ಅವನಿಗೆ ಅವಮಾನವೆಂದು ಭಾವಿಸಿದೆ.

ಮರುದಿನ ಮೂರು ಗಂಟೆಗಳ ಶಿಲುಬೆಯ ಧ್ಯಾನದಲ್ಲಿ, ನನ್ನ ಪಕ್ಕದ ಜಾಗದ ಮೇಲೆ ನನ್ನ ಹಾಡಿನ ಪುಸ್ತಕವನ್ನು ಇಟ್ಟುಕೊಂಡು ಕುಳಿತಿದ್ದೆ. ಜನರು ಗೋಡೆಗೆ ಒರಗಿ ನಿಂತಿದ್ದರು. ಮಂಡಿನೋವಿನ ಒಬ್ಬ ಮುದುಕಿ ಎರಡು ಸಲ ಆ ಜಾಗದತ್ತ ನೋಡಿದರು. "ಬರ್ತಾರಮ್ಮ," ಎಂದೆ. ಮೂರು ಗಂಟೆಯವರೆಗೂ ಅಲ್ಲಿ ಪುಸ್ತಕವೊಂದೇ ಕುಳಿತಿತ್ತು. ಆ ಮುದುಕಿಯ ಕ್ಷಮೆಯನ್ನು ನಾನು ಆಮೇಲೆ ಕೇಳಿದ್ದೇನೆ. ನನ್ನ ಕ್ಷಮೆಯನ್ನು ಯಾರೂ ಕೇಳಿಲ್ಲ.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿಯನ್ನು ವಿವರಿಸಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಾವು ಪಂಪುಗಳೊಳಗೆ ಹಿಂದೆ ಮುಂದೆ ಓಡಾಡುವ ಪ್ಲಂಜರ್ ಎಂಬ ಉಕ್ಕಿನ ದಿಂಡುಗಳನ್ನು ತಯಾರಿಸುತ್ತೇವೆ. ದಪ್ಪ ಐವತ್ತು ಮಿಲಿಮೀಟರ್. ಅದರಲ್ಲಿ ಎಂಟು ಮೈಕ್ರಾನ್ ವ್ಯತ್ಯಾಸಕ್ಕೆ ಮಾತ್ರ ಅವಕಾಶ. ತಲೆಗೂದಲೊಂದನ್ನು ಸೀಳಿ ಎಂಟು ಪಾಲು ಮಾಡಿದರೆ ಹೆಚ್ಚು ಕಡಿಮೆ ಒಂದು ಪಾಲಿನಷ್ಟು. ಯಂತ್ರದಿಂದ ಇಳಿದ ದಿಂಡನ್ನು ಬಿಸಿನೀರಿನ ತೊಟ್ಟಿಯಲ್ಲಿ ತೊಳೆಯುತ್ತಾರೆ. ಹೊರಬಂದಾಗ ಅದು ಬೆಚ್ಚಗಿರುತ್ತದೆ, ಬೆಚ್ಚಗಿರುವ ಉಕ್ಕು ಉಬ್ಬಿರುತ್ತದೆ. ಆಗಲೇ ಅಳೆದರೆ ದಪ್ಪ ಹೆಚ್ಚೆಂದು ತೋರುತ್ತದೆ. ಹೆಚ್ಚೆಂದು ಮತ್ತಷ್ಟು ಉಜ್ಜುತ್ತಾರೆ. ತಣಿದ ಮೇಲೆ ನೋಡಿದರೆ ಬೇಕಾದದ್ದಕ್ಕಿಂತ ಸಣ್ಣದಾಗಿರುತ್ತದೆ. ಉಜ್ಜಿ ತೆಗೆದ ಉಕ್ಕನ್ನು ಮರಳಿ ಅಂಟಿಸುವ ವಿದ್ಯೆ ಯಾರಲ್ಲೂ ಇಲ್ಲ.

ಆದ್ದರಿಂದ ದಿಂಡುಗಳನ್ನು ಜೋಡಿಸಿದ ಪ್ರತಿಯೊಂದು ತಟ್ಟೆಯನ್ನೂ ಇಪ್ಪತ್ತು ಡಿಗ್ರಿಯ ತಪಾಸಣಾ ಕೊಠಡಿಯಲ್ಲಿ, ಕಪ್ಪು ಗ್ರಾನೈಟ್ ಮೇಜಿನ ಮೇಲೆ, ನಾಲ್ಕು ಗಂಟೆ ಸುಮ್ಮನೆ ಇಡಬೇಕು. ನಾವು ಅದನ್ನು ತಣಿಸುವುದು ಎನ್ನುತ್ತೇವೆ. ತಟ್ಟೆ ಒಳಬಂದ ಸಮಯ ಮತ್ತು ಹೊರಹೋದ ಸಮಯಗಳನ್ನು ನಾನು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ತಣಿದ ಮೇಲೆ ಅಳೆದು, ಸರಿಯಿದ್ದರೆ ತಟ್ಟೆಯ ಚೀಟಿಗೆ ದಿನಾಂಕ ಹಾಕಿ ಮೊಹರು ಒತ್ತುತ್ತೇನೆ. ಮೊಹರಿನಲ್ಲಿ ಹೆಸರಿಲ್ಲ, ಏಳು ಎಂಬ ಅಂಕೆ ಮಾತ್ರ. ನಮ್ಮಲ್ಲಿ ಏಳು ಎಂದರೆ ನಾನು. ಆ ಮೊಹರು ಇದ್ದದ್ದು ಬೀರುವಿನಲ್ಲಿ.

ರಜೆಯ ಮರುದಿನವೇ ಕೀಲಿ ನನ್ನ ಕೈಗೆ ಮರಳಿತ್ತು. ಮೂರು ವಾರ ಕಳೆದ ಮೇಲೆ ಗಿರಾಕಿ ಕಂಪನಿಯಿಂದ ಒಂದು ಇಡೀ ಲಾಟು ವಾಪಸು ಬಂತು. ಪಂಪುಗಳಲ್ಲಿ ಎಣ್ಣೆ ಸೋರುತ್ತಿದೆ, ಪ್ಲಂಜರುಗಳೆಲ್ಲ ಸಣ್ಣ, ಎಂದು ಪತ್ರ. ತಟ್ಟೆಗಳ ಚೀಟಿಯಲ್ಲಿ, ನಾನು ಕೀಲಿ ಕೊಟ್ಟ ಆ ಗುರುವಾರದ ದಿನಾಂಕ. ಅದರ ಪಕ್ಕದಲ್ಲಿ ಏಳು, ಸ್ವಲ್ಪ ವಾಲಿಕೊಂಡಿತ್ತು. ನಾನು ಒತ್ತಿದ ಏಳು ಎಂದೂ ವಾಲಿದ್ದಿಲ್ಲ.

ಮಾಲೀಕರ ಕೋಣೆಯಲ್ಲಿ ಅವರ ಎದುರು ಎರಡು ಕುರ್ಚಿಗಳಿವೆ. ಒಂದರಲ್ಲಿ ಸೂಪರ್‌ವೈಸರ್ ಕುಳಿತಿದ್ದ, ಇನ್ನೊಂದರ ಮೇಲೆ ಅವನ ಹೆಲ್ಮೆಟ್ ಇತ್ತು. ಅದನ್ನು ಯಾರೂ ಎತ್ತಲಿಲ್ಲ. ನಾನು ನಿಂತೇ ಇದ್ದೆ.

"ಇದು ನಿಮ್ ಸ್ಟಾಂಪ್ ತಾನೆ ಸಾರ್?" ಮಾಲೀಕರು ಚೀಟಿಯನ್ನು ನನ್ನತ್ತ ಸರಿಸಿದರು.

"ಮೊಹರು ನನ್ನದು. ಒತ್ತಿದವನು ನಾನಲ್ಲ. ಈ ತಟ್ಟೆಗಳು ಗುರುವಾರ ನನ್ನ ಕೊಠಡಿಗೆ ಬಂದೇ ಇಲ್ಲ. ರಿಜಿಸ್ಟರ್ ತರಿಸಿ ನೋಡಿ."

ತರಿಸಿ ನೋಡಿದರು. "ಎಂಟ್ರಿ ಇಲ್ಲ, ನಿಜ. ಅಂದ್ರೆ ತಣಿಸ್ದೇನೇ ಸ್ಟಾಂಪ್ ಹಾಕಿದೀರ ಅಂತಾಯ್ತಲ್ಲ?"

ಹನ್ನೊಂದು ವರ್ಷ ಒಂದು ಸಾಲು ಬಿಡದೆ ಬರೆದ ರಿಜಿಸ್ಟರು, ಬರೆಯದ ಒಂದು ಸಾಲಿನಿಂದ ನನ್ನ ವಿರುದ್ಧ ಸಾಕ್ಷಿಯಾಯಿತು. ಆಗ ನಾನು ಕೀಲಿಯ ವಿಷಯವನ್ನು ಹೇಳಿದೆ. ನಿಯಮ ಮುರಿದದ್ದನ್ನೂ ಮುಚ್ಚಿಡಲಿಲ್ಲ. ಹೇಳಿ, ಅವನ ಕಡೆ ನೋಡಿದೆ.

"ಕೀನಾ? ನನಗ್ಯಾವಾಗ ಕೊಟ್ರಿ ಸಾರ್?" ಎಂದ. ಒಂಬತ್ತು ವರ್ಷ ಬ್ರದರ್ ಎಂದವನು ಅಂದು ಮೊದಲ ಬಾರಿಗೆ ನನ್ನನ್ನು ಸಾರ್ ಎಂದ. ಆಮೇಲೆ ಮಾಲೀಕರ ಕಡೆ ತಿರುಗಿ ದನಿ ತಗ್ಗಿಸಿದ: "ಪಾಪ, ವಯಸ್ಸಾಯ್ತಲ್ಲ. ಈಚೆಗೆ ಸ್ವಲ್ಪ ಮರೀತಾರೆ. ನಾನೇ ಎಷ್ಟೋ ಸಲ ಕವರ್ ಮಾಡಿದೀನಿ."

ಮರೆವಂತೆ! ಅವನು ಕೆಲಸಕ್ಕೆ ಸೇರಿದ ದಿನ ತೊಟ್ಟಿದ್ದ ಅಂಗಿ ತಿಳಿನೀಲಿ. ಎಡತೋಳಿನ ಗುಂಡಿ ಇರಲಿಲ್ಲ. ಅದನ್ನು ಹೊಲಿದುಕೊಟ್ಟವಳು ನನ್ನ ಹೆಂಡತಿ.

ಮಾಲೀಕರು ಮೊದಲೇ ಟೈಪು ಮಾಡಿಸಿದ್ದ ಒಂದು ಪತ್ರವನ್ನು ಮುಂದಿಟ್ಟರು. ವಯೋಸಹಜ ಮರೆವಿನಿಂದ ನನ್ನಿಂದ ತಪ್ಪಾಗಿದೆ, ಆದ್ದರಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ಎಂಬ ಒಕ್ಕಣೆ. "ಮರ್ಯಾದೆಯಿಂದ ಕಳಿಸ್ಕೊಡ್ತೀವಿ ಸಾರ್. ಹಾರ ಹಾಕಿ, ಶಾಲು ಹೊದಿಸಿ."

"ತಪ್ಪು ನನ್ನದೆಂದು ಬರೆದ ಕಾಗದದ ಮೇಲೆ ಶಾಲು ಹೊದಿಸಿದರೆ ಅಕ್ಷರ ಅಳಿಸುವುದಿಲ್ಲ," ಎಂದೆ. ಸಹಿ ಮಾಡಲಿಲ್ಲ. ತಪ್ಪು ಏಳನೆಯ ಮೊಹರಿನವನದೆಂದು ಗಿರಾಕಿಗೆ ಪತ್ರ ಬರೆದು, ಮರುದಿನದಿಂದ ನನ್ನನ್ನು ಪ್ಯಾಕಿಂಗಿಗೆ ಹಾಕಿದರು. ತಪಾಸಣಾ ಕೊಠಡಿ ಸೂಪರ್‌ವೈಸರ್‌ನ ಸುಪರ್ದಿಗೆ ಹೋಯಿತು. ಅವನಿಗೆ ಹೊಸ ಮೊಹರು ಮಾಡಿಸಿಕೊಟ್ಟರು, ಸಂಖ್ಯೆ ಹನ್ನೆರಡು. ನನ್ನ ರೆಕ್ಸಿನ್ ಹೊದಿಸಿದ ಸ್ಟೂಲನ್ನು ಅವನು ಹಿಂದಿರುಗಿಸಲಿಲ್ಲ. ನನ್ನ ಚಹಾದ ಲೋಟದಲ್ಲಿ ಸೀಸದಕಡ್ಡಿಗಳನ್ನು ನಿಲ್ಲಿಸಿದ್ದನ್ನು ಗಾಜಿನ ಕಿಟಕಿಯಿಂದ ದಿನವೂ ಕಂಡಿದ್ದೇನೆ.

"ಬಿಟ್ಬಿಡ್ರಿ ಅತ್ಲಾಗೆ," ಎಂದಳು ಹೆಂಡತಿ. "ಅರವತ್ತೊಂದಾಯ್ತು. ಯಾರಿಗೆ ಏನು ಪ್ರೂವ್ ಮಾಡ್ಬೇಕು ಈಗ?"

"ನಾನಾಗಿ ಬಿಟ್ಟರೆ ಅದೇ ಸಹಿ."

ಸಭೆಗೂ ಸುದ್ದಿ ಮುಟ್ಟಿತ್ತು, ಮುಟ್ಟಿಸಿದವರಾರೆಂದು ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷ ಭಾನುವಾರದ ಆರಾಧನೆಯಲ್ಲಿ ಬೈಬಲಿನ ಪಾಠ ಓದಿದ ನನಗೆ ಸಭಾಪಾಲಕರಿಂದ ಮೊಬೈಲಿಗೆ ಒಂದು ಸಂದೇಶ ಬಂತು: 'ಅಂಕಲ್, ಸ್ವಲ್ಪ ದಿನ ಪಾಠ ಓದೋದು ಬೇಡ, ರೆಸ್ಟ್ ತಗೊಳ್ಳಿ.' ಕೆಳಗೆ ಜೋಡಿಸಿದ ಎರಡು ಕೈಗಳ ಚಿತ್ರ. ಆ ಭಾನುವಾರ ಪಾಠ ಓದಿದವನು ಸೂಪರ್‌ವೈಸರ್. ಪ್ರವಾದಿಯ ಹೆಸರನ್ನು ತಪ್ಪಾಗಿ ಉಚ್ಚರಿಸಿದ.

ನಮ್ಮಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಮುನ್ನ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. ಪಡೆಯುವವರು ಎರಡೂ ಅಂಗೈಗಳನ್ನು ತುಸು ತೆರೆದು ಹಿಡಿಯುತ್ತಾರೆ, ಕೊಡುವವರು ಅದರೊಳಗೆ ತಮ್ಮ ಕೈಯಿಡುತ್ತಾರೆ. ಸಾಲಿನ ತುದಿಯಿಂದ ತುದಿಗೆ ಅದು ಹಾಗೆ ಸಾಗುತ್ತದೆ. ಅವನು ನನ್ನ ಸಾಲು ಬಿಟ್ಟು ಎಡಬದಿಗೆ ಹೋಗಿ ಕೂರತೊಡಗಿದ. ಅವನ ಕೈ ನನಗೆ ತಲುಪದಂತೆ ನಡುವೆ ದಾರಿಯಿತ್ತು. ನನಗದು ಸಮಾಧಾನವೇ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಪ್ಯಾಕಿಂಗ್ ಕೆಲಸ ಸರಳ. ಪ್ಲಂಜರನ್ನು ತುಕ್ಕು ತಡೆಯುವ ಎಣ್ಣೆಯಲ್ಲಿ ಅದ್ದಿ, ತೊಟ್ಟಿಕ್ಕಿಸಿ, ಎಣ್ಣೆಕಾಗದದಲ್ಲಿ ಸುತ್ತಿ, ಹಲಗೆಪೆಟ್ಟಿಗೆಯಲ್ಲಿ ಸಾಲಾಗಿ ಇಡಬೇಕು. ಅಲ್ಲಿ ಮೊದಲಿನಿಂದಲೂ ಇದ್ದದ್ದು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಲಗ್ಗೆರೆಯಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿ ಮೂವರು ಮಕ್ಕಳೊಂದಿಗೆ ವಾಸ. ಹನ್ನೊಂದು ವರ್ಷ ಆಕೆಯ ಮುಂದೆ ದಿನಕ್ಕೆ ನಾಲ್ಕು ಸಲ ಹಾದುಹೋಗಿದ್ದ ನಾನು ಆಕೆಯೊಡನೆ ನಾಲ್ಕು ಮಾತನ್ನೂ ಆಡಿರಲಿಲ್ಲ.

ಮೊದಲ ವಾರ ನಾನು ಕಾಗದ ಸುತ್ತುವುದನ್ನು ನೋಡಿ ಆಕೆ ನಕ್ಕಳು. "ಏನ್ರಿ ಸರ, ಕೂಸಿಗೆ ಕುಲಾಯಿ ಕಟ್ಟಿದಂಗ ಕಟ್ಟಾಕತ್ತೀರಿ? ಹಿಂಗಾದ್ರ ಸಂಜೀಕ ಒಂದ ಪೆಟ್ಟಿಗೆ ಆಕ್ಕದ ನೋಡ್ರಿ." ನನ್ನ ಕೈಯಿಂದ ಕಿತ್ತುಕೊಂಡು ಮೂರು ಮಡಿಕೆಯಲ್ಲಿ ಸುತ್ತಿ ತೋರಿಸಿದಳು. ಅಷ್ಟು ದಿನಗಳಲ್ಲಿ ನನ್ನ ಮುಖ ನೋಡಿ ನಕ್ಕವಳು ಆಕೆಯೊಬ್ಬಳೇ.

ಎರಡು ತಿಂಗಳು ಹೀಗೆ ನಡೆಯಿತು. ಒಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತ, ನನ್ನ ಕಡೆ ನೋಡದೆಯೇ ಆಕೆ ಹೇಳಿದಳು: "ಸರ, ನೀವು ಒತ್ತಿಲ್ಲಂತ ನನಗ ಗೊತ್ತದರಿ."

ನನ್ನ ಕೈಯ ತುತ್ತು ನಿಂತಿತು.

"ಆ ಲಾಟ್ ನಾನೇ ಕಟ್ಟೀನಿ. ಶುಕ್ರವಾರ. ನಿಮ್ ಹಬ್ಬದ ದಿನ, ನೀವು ಬಂದಿದ್ದಿಲ್ಲ. ಬಿಸಿ ಇದ್ವುರಿ ಅವು, ಎಣ್ಣಿಕಾಗದ ಮೆತ್ತಗಾಗಿ ಬೆರಳಿಗೆ ಅಂಟಾಕತ್ತಿತ್ತು. ಆ ನಿಮ್ಮ ಸೂಪರ್‌ವೈಸರ್ ಸಾಹೇಬ್ರು ಮಷಿನ್ ಬಲ್ಲಿನೇ ನಿಂತು ಅಳದು, ಇನ್ನ ದಪ್ಪ ಅದ, ಇನ್ನಷ್ಟ ಉಜ್ಜು ಅಂತ ಉಜ್ಜಿಸಿದ್ರು. ಚೀಟಿಗೆ ಅವರೇ ಒತ್ತಿದ್ರು. ನನ್ನ ಪುಸ್ತಕದಾಗ ಬರದೀನಿ."

ಆಕೆಯ ಬಳಿ ಒಂದು ನೋಟುಪುಸ್ತಕವಿತ್ತು. ಎಣ್ಣೆಕಾಗದದ ಹಾಳೆಗಳ ಲೆಕ್ಕಕ್ಕಾಗಿ, ಯಾವ ದಿನ ಯಾವ ಪೆಟ್ಟಿಗೆ ಕಟ್ಟಿದೆನೆಂದು ತಾನಾಗಿಯೇ ಬರೆದುಕೊಂಡದ್ದು. ಗುರುವಾರದ ಪುಟದಲ್ಲಿ ಆ ಪೆಟ್ಟಿಗೆಗಳಿರಲಿಲ್ಲ. ಶುಕ್ರವಾರದ ಪುಟದಲ್ಲಿದ್ದವು, ಬಿಸಿಗೆ ಕಾಗದ ಕೆಟ್ಟವು ಎಂಬ ಟಿಪ್ಪಣಿಯೊಂದಿಗೆ. ವಿಚಾರಣೆ ನಡೆಸಿದವರು ಆಕೆಯನ್ನು ಕೇಳಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಈ ಎರಡನೆಯದನ್ನು ನಾನು ನನ್ನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ತಕ್ಷಣ ಎದ್ದೆ. ಆಕೆ ನನ್ನ ತೋಳು ಹಿಡಿದಳು. "ಅಲ್ರಿ ಸರ, ನನ್ನ ಹೆಸರು ಹೇಳಬ್ಯಾಡ್ರಿ. ನಿಮಗ ಪ್ಯಾಕಿಂಗಿಗೆ ಹಾಕಿದ್ರು. ನನಗ ಎಲ್ಲಿಗೆ ಹಾಕ್ತಾರ? ಗೇಟಿನ ಹೊರಗ ಹಾಕ್ತಾರ. ಮಕ್ಕಳ ಸಾಲಿ ಅದರಿ."

ನಾನು ಮತ್ತೆ ಕುಳಿತೆ. ನನ್ನ ಹೆಸರನ್ನು ಶುದ್ಧಮಾಡುವ ಕಾಗದ ಮೂರು ಅಡಿ ದೂರದಲ್ಲಿ ಆಕೆಯ ಚೀಲದಲ್ಲಿತ್ತು. ಅದನ್ನು ತೆಗೆದರೆ ಆಕೆಯ ಅನ್ನ ಹೋಗುತ್ತಿತ್ತು. ಇನ್ನೂ ಮೂರು ತಿಂಗಳು ಹಾಗೆಯೇ ಕುಳಿತಿದ್ದೆ. ದೇವರ ಮುಂದೆ ನಾನು ಆ ದಿನಗಳಲ್ಲಿ ಆಡಿದ ಮಾತುಗಳೆಲ್ಲ ಪ್ರಾರ್ಥನೆಯೆಂದು ಕರೆಯಲು ಯೋಗ್ಯವಾದವಲ್ಲ. ಆ ಗುರುವಾರದ ಸಂಜೆಯನ್ನೇ ನೀನು ಏಕೆ ಆರಿಸಿದೆ ಎಂದು ಕೇಳಿದೆ. ತನ್ನ ತಟ್ಟೆಯಲ್ಲಿ ಉಂಡವನಿಂದಲೇ ಮೋಸಹೋಗುವುದೇನೆಂದು ನಿನಗೆ ತಿಳಿಯದೇ ಎಂದೂ ಕೇಳಿದೆ. ಕೇಳಿದ ಮೇಲೆ, ಅಂಥದೇ ಗುರುವಾರ ಜೊತೆಗೆ ಉಂಡ ಶಿಷ್ಯನೇ ಆತನನ್ನು ಹಿಡಿದುಕೊಟ್ಟದ್ದು ನೆನಪಾಯಿತು. ಬೆಳಗಾದರೆ ಬಸ್ಸು ಹತ್ತಿ ಎಣ್ಣೆಯ ತೊಟ್ಟಿಯ ಬಳಿ ಹೋಗಿ ನಿಲ್ಲುತ್ತಿದ್ದೆ. ತಾಳ್ಮೆಯ ವಿಷಯದಲ್ಲಿ ನನಗೆ ಅನುಭವದಿಂದ ಗೊತ್ತಿರುವುದು ಇಷ್ಟೇ: ಅದು ಮನಸ್ಸಿನಲ್ಲಿ ಮೂಡುವುದಕ್ಕೆ ಬಹಳ ಮೊದಲು ಕಾಲುಗಳಿಗೆ ಬರಬೇಕಾಗುತ್ತದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅದೇ ಗಿರಾಕಿಯ ಲಾಟು ಪ್ಯಾಕಿಂಗಿಗೆ ಬಂತು, ಅರವತ್ತು ಪ್ಲಂಜರು. ಮಧ್ಯಾಹ್ನ ಎರಡಕ್ಕೆ ಲಾರಿ. ಚೀಟಿಯ ಮೇಲೆ ಮೊಹರು ಹನ್ನೆರಡು. ಮೊದಲನೆಯದನ್ನು ಎತ್ತಿದೆ. ಬೆಚ್ಚಗಿತ್ತು. ಎರಡನೆಯದು, ಮೂರನೆಯದು, ಎಲ್ಲವೂ.

ಆಕೆಯೂ ಮುಟ್ಟಿ ನೋಡಿದಳು. ಆಮೇಲೆ ಆಕೆ ಕಾಗದ ಎಳೆದುಕೊಂಡಳು. "ಕಟ್ರಿ ಸರ. ಈ ಸಲ ಅವರದೇ ಮೊಹರು ಅದ. ಹೋಗಲಿ ಲಾಟ್. ವಾಪಸ್ ಬರ್ತದ, ಅವರ ಮಾರಿಗೇ ಬಡೀತದ. ನೀವೇನೂ ಮಾಡೂದು ಬ್ಯಾಡ, ಬರೇ ಕಟ್ರಿ."

ಆಕೆ ಹೇಳಿದ್ದು ಸರಿಯಾಗಿತ್ತು. ನಾನು ಬೆರಳೆತ್ತಬೇಕಾಗಿರಲಿಲ್ಲ. ಮೂರು ವಾರದಲ್ಲಿ ಪತ್ರ ಬರುತ್ತಿತ್ತು, ಅದೇ ಕೋಣೆಯಲ್ಲಿ ಅವನು ನಿಲ್ಲುತ್ತಿದ್ದ, ಆಕೆಯ ಹೆಸರೂ ಹೊರಬರದೆ ನನ್ನ ಹೆಸರು ತಾನಾಗಿಯೇ ತೊಳೆದುಹೋಗುತ್ತಿತ್ತು. ದೇವರನ್ನು ನಾನು ಕೇಳಿದ್ದಕ್ಕೆ ಇದೇ ಉತ್ತರವಿರಬಹುದೆಂದೂ ಅನ್ನಿಸಿತು. ಮೊದಲ ಪ್ಲಂಜರನ್ನು ಎಣ್ಣೆಯಲ್ಲಿ ಅದ್ದಿದೆ, ಕಾಗದದ ಮೇಲೆ ಇಟ್ಟೆ, ಒಂದು ಮಡಿಕೆ ಹಾಕಿದೆ. ಕಾಗದ ಮೆತ್ತಗಾಗಿ ನನ್ನ ಹೆಬ್ಬೆರಳಿಗೆ ಅಂಟಿತು.

ಅಲ್ಲಿ ನನ್ನ ಕೈ ನಿಂತಿತು. ಬೆಚ್ಚಗಿನ ಉಕ್ಕನ್ನು ಗೊತ್ತಿದ್ದೂ ಸಾಗಹಾಕಿದನೆಂಬುದೇ ನನ್ನ ಮೇಲಿದ್ದ ಆರೋಪ. ಐದು ತಿಂಗಳು ಅದು ಸುಳ್ಳಾಗಿತ್ತು. ಎರಡನೆಯ ಮಡಿಕೆ ಹಾಕಿದರೆ ನಿಜವಾಗುತ್ತಿತ್ತು.

ಕಾಗದ ಬಿಚ್ಚಿದೆ. "ನಾನು ಇದನ್ನು ಕಟ್ಟುವುದಿಲ್ಲಮ್ಮ," ಎಂದು ಹೇಳಿ, ಎಣ್ಣೆ ಸುರಿಯುವ ಪ್ಲಂಜರನ್ನು ಕೈಯಲ್ಲಿ ಹಿಡಿದುಕೊಂಡೇ ಮಾಲೀಕರ ಕೋಣೆಗೆ ಹೋದೆ. ಅವರ ಮೇಜಿನ ಮೇಲಿನ ಗಾಜಿನ ಮೇಲೆ ಅದನ್ನು ಇಟ್ಟೆ.

"ಏನ್ ಸಾರ್ ಇದು, ಎಣ್ಣೆ!"

"ಮುಟ್ಟಿ ನೋಡಿ."

ಮುಟ್ಟಿದರು. ಮಾಲೀಕರು ಕೂಡ ಯಂತ್ರದ ಮುಂದೆ ನಿಂತೇ ಮೇಲೆ ಬಂದವರು, ಮುಂದೆ ಹೇಳಬೇಕಾಗಿರಲಿಲ್ಲ. ಲಾರಿಯನ್ನು ತಡೆದರು. ಅರವತ್ತು ಪ್ಲಂಜರುಗಳನ್ನೂ ಗ್ರಾನೈಟ್ ಮೇಜಿನ ಮೇಲೆ ಹರಡಿಸಿದರು. ಸೂಪರ್‌ವೈಸರ್ ಓಡಿಬಂದ. "ಸಾರ್, ಅರ್ಜೆಂಟ್ ಡಿಸ್ಪ್ಯಾಚ್ ಅಂತ ನೀವೇ ಹೇಳಿದ್ರಲ್ಲ! ಒಂದೆರಡು ಮೈಕ್ರಾನ್‌ಗೆ ಯಾರೂ ಸಾಯಲ್ಲ," ಎಂದ.

"ನಾಲ್ಕು ಗಂಟೆ ಯಾರೂ ಮುಟ್ಟಬೇಡಿ," ಎಂದೆ ನಾನು. ಆ ಕೊಠಡಿಯಲ್ಲಿ ಐದು ತಿಂಗಳ ನಂತರ ನಾನಾಡಿದ ಮೊದಲ ಮಾತು. ರಿಜಿಸ್ಟರು ತೆಗೆದು ಒಳಬಂದ ಸಮಯ ಬರೆದೆ: ಹತ್ತು ನಲವತ್ತು.

ಎರಡು ನಲವತ್ತಕ್ಕೆ ಅಳೆಯತೊಡಗಿದೆ. ಪ್ರತಿಯೊಂದನ್ನೂ ಎರಡು ಕಡೆ, ಮೂರು ಸಲ. ಮಾಲೀಕರು ನನ್ನ ಸ್ಟೂಲಿನ ಪಕ್ಕ ನಿಂತು ಮೈಕ್ರೋಮೀಟರಿನ ಅಂಕೆಗಳನ್ನೇ ನೋಡುತ್ತಿದ್ದರು. ಅರವತ್ತರಲ್ಲಿ ನಲವತ್ತೊಂದು ಸಣ್ಣ. ಕೊನೆಯದನ್ನು ಕೆಳಗಿಟ್ಟಾಗ, ಬಾಗಿಲಲ್ಲಿ ಯಾದಗಿರಿಯ ಆ ಹೆಣ್ಣುಮಗಳು ನೋಟುಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಕರೆದಿರಲಿಲ್ಲ. "ಇದೊಂದು ನೋಡ್ರಿ ಸಾಹೇಬ್ರ," ಎಂದು ಮಾಲೀಕರ ಕೈಗೆ ಕೊಟ್ಟಳು. ನನ್ನ ಸಭೆಯ ಸಹೋದರ ಮುಚ್ಚಿಟ್ಟದ್ದನ್ನು, ನನ್ನ ದೇವರ ಹೆಸರನ್ನೂ ಹಿಡಿಯದ ಆಕೆ ತನ್ನ ಅನ್ನವನ್ನು ಪಣಕ್ಕಿಟ್ಟು ತೆರೆದಳು.

ಇಲ್ಲಿಗೆ ಮುಗಿದಿದ್ದರೆ ಇದು ಸಭೆಯಲ್ಲಿ ಹೇಳಲು ಒಳ್ಳೆಯ ಕಥೆಯಾಗುತ್ತಿತ್ತು. ಮಾಲೀಕರು ನನ್ನ ಮೊಹರನ್ನು ಹಿಂದಿರುಗಿಸಿದರು, ಕುರ್ಚಿಯನ್ನೂ ತೋರಿಸಿದರು. ಗಿರಾಕಿಗೆ ನಿಜವನ್ನು ಬರೆಯಿರಿ ಎಂದು ನಾನು ಕೇಳಿದಾಗ ಮಾತ್ರ ತಲೆ ಅಲ್ಲಾಡಿಸಿದರು. "ಈಗ ಮತ್ತೆ ಲೆಟರ್ ಬರೆದ್ರೆ ನಾವೇ ಸುಳ್ಳು ಹೇಳಿದ್ವಿ ಅಂತಾಗುತ್ತೆ. ನಮಗೆ ಗೊತ್ತಾಯ್ತಲ್ಲ, ಬಿಡಿ ಸಾರ್." ಸೂಪರ್‌ವೈಸರ್‌ನನ್ನು ಎರಡನೆಯ ಪಾಳಿಗೆ ಹಾಕಿದರು, ಕೆಲಸಗಾರ ಸಿಗುವುದು ಕಷ್ಟವಂತೆ. ಗಿರಾಕಿಯ ಕಡತದಲ್ಲಿ ತಪ್ಪಿತಸ್ಥನ ಅಂಕೆ ಇಂದಿಗೂ ಏಳು. ನಾನು ಪಡೆದುಕೊಂಡದ್ದು ಒಂದೇ: ಪ್ಯಾಕಿಂಗಿನ ಆ ಹೆಣ್ಣುಮಗಳನ್ನು ಈ ಕಾರಣಕ್ಕೆ ತೆಗೆಯುವುದಿಲ್ಲವೆಂಬ ಪತ್ರ, ಸಹಿಯೊಂದಿಗೆ. ಅದು ಬೀರುವಿನಲ್ಲಿದೆ.

ಮುಂದಿನ ತಿಂಗಳ ಮೊದಲ ಭಾನುವಾರ, ಸಾಕ್ಷಿ ಹೇಳುವ ಸಮಯದಲ್ಲಿ, ಸೂಪರ್‌ವೈಸರ್ ಎದ್ದು ನಿಂತ. ಕೆಲಸದ ಸ್ಥಳದಲ್ಲಿ ತನಗೆ ದೊಡ್ಡ ಶೋಧನೆ, ವಿಶ್ವಾಸದ ಪರೀಕ್ಷೆ, ಬಂತೆಂದೂ, ಕರ್ತನು ತನ್ನನ್ನು ಕೈಬಿಡದೆ ಕೆಲಸ ಉಳಿಸಿಕೊಟ್ಟನೆಂದೂ ಹೇಳಿದ. ಸಭೆ "ಸ್ತೋತ್ರ" ಎಂದಿತು. ನನ್ನ ಹೆಂಡತಿ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನು ಏಳಲಿಲ್ಲ. ಆದರೆ ಅವನು ಹೇಳಿದ ಒಂದೊಂದು ಪದವೂ ನನಗೆ ನೆನಪಿದೆ. ಕ್ಷಮಿಸಬೇಕೆಂಬ ಆಜ್ಞೆ ನನಗಿದೆ. ಮರೆಯಬೇಕೆಂಬುದನ್ನು ನಾನು ಎಲ್ಲಿಯೂ ಓದಿಲ್ಲ.

ಸಾಕ್ಷಿ ಮುಗಿಸಿ ಹಿಂದಿರುಗುವಾಗ ಅವನ ಎಡಬದಿಯ ಜಾಗದಲ್ಲಿ ಬೇರೆಯವರು ಕುಳಿತುಬಿಟ್ಟಿದ್ದರು. ಖಾಲಿಯಿದ್ದದ್ದು ನಮ್ಮ ಸಾಲಿನ ತುದಿ, ನನ್ನ ಪಕ್ಕ. ತಲೆ ತಗ್ಗಿಸಿ ಬಂದು ಕುಳಿತ. ಸಭಾಪಾಲಕರು ಸಮಾಧಾನವನ್ನು ಇಳಿಸಿದರು. ಅದು ಮುಂದಿನ ಸಾಲುಗಳನ್ನು ದಾಟಿ, ನಮ್ಮ ಸಾಲಿನ ತುದಿಯಲ್ಲಿದ್ದ ಅವನಿಗೆ ತಲುಪಿತು. ಅವನಿಂದ ಮುಂದಕ್ಕೆ ಹೋಗಬೇಕಾದರೆ ನನ್ನ ಮೂಲಕವೇ ಹೋಗಬೇಕು. ಅವನು ಕೈ ಚಾಚಿದ, ಕೀಲಿಗಾಗಿ ಚಾಚಿದ್ದ ಅದೇ ಬಲಗೈ. ನನ್ನ ಆಚೆ ಹೆಂಡತಿ, ಅವಳ ಆಚೆ ಮಂಡಿನೋವಿನ ಆ ಮುದುಕಿ, ಅಂಗೈ ತೆರೆದು ಕಾಯುತ್ತಿದ್ದರು.

ನಾನು ಎರಡೂ ಅಂಗೈಗಳನ್ನು ತೆರೆದೆ. ಅವನು ಕೈಯಿಟ್ಟ. ಅವನ ಬಾಯಲ್ಲಿ ಸಮಾಧಾನದ ಮಾತು ಪೂರ್ತಿ ಹೊರಡಲಿಲ್ಲ. ಅದು ಪಶ್ಚಾತ್ತಾಪವೋ, ಸಿಕ್ಕಿಬಿದ್ದವನ ನಾಚಿಕೆಯೋ, ಐವತ್ತು ಜನರೆದುರಿನ ಇನ್ನೊಂದು ನಟನೆಯೋ ಎಂದು ಅಳೆಯಲು ನನ್ನ ಅರವತ್ತೊಂದು ವರ್ಷದ ಬೆರಳುಗಳು ತವಕಪಟ್ಟವು. ಅವನ ಕೈ ಬೆವರಿತ್ತು, ಬೆಚ್ಚಗಿತ್ತು.

ಬೆಚ್ಚಗಿರುವಾಗ ಅಳೆಯಬಾರದು. ಕೈಯನ್ನು ಒಂದು ಕ್ಷಣ ಹಿಡಿದುಕೊಂಡು, ಬಿಟ್ಟು, ಹೆಂಡತಿಯ ಕಡೆ ತಿರುಗಿದೆ.